ಸಿದ್ದಿಗಳ ಬಗ್ಗೆ ಡಾಕ್ಯುಮೆಂಟರಿ ಮಾಡೋದಾದ್ರೆ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಬಗ್ಗೆ ಸ್ವಂತ ದುಡ್ಡಲ್ಲಿ ಡಾಕ್ಯುಮೆಂಟರಿ ಮಾಡಬೇಕು ಅಂತಿದ್ದೀರಾ? ಮೊದಲ ಸಲ ಹೋಗುವಾಗ ಕ್ಯಾಮೆರಾ ಚೀಲದಲ್ಲೇ ಇರಲಿ. ಹೋದ ಕೂಡಲೇ ನಿಮ್ಮ ಡಮಾಮಿ ಡೋಲು ಬಾರಿಸಿ, ಕುಣಿದು ತೋರಿಸಿ ಅಂತ ಕೇಳಬೇಡಿ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನು ತಂದದ್ದು, ಕೆಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ದು, ಇದೆಲ್ಲ ಬೇಕು ನಿಜ, ಆದರೆ ಎರಡು ನಿಮಿಷ ಸಾಕು. ಇಲ್ಲೇ ಹುಟ್ಟಿ ಬೆಳೆದವರನ್ನು ಬಸ್ಸಲ್ಲಿ ಯಾರಾದರೂ ‘ಯಾವ ದೇಶ ನಿಮ್ದು?’ ಅಂದರೆ ಹೇಗನ್ನಿಸುತ್ತದೆ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಮನೆಯಲ್ಲಿ ಏನು ಬದಲಾಯಿತು, ಇದನ್ನು ಕೇಳಿ. ಹೆಂಗಸರು ಕೌದಿ ಹೊಲಿಯುತ್ತಾ ಕೂತಾಗ ಮಾತು ತಾನಾಗಿ ಬರುತ್ತದೆ. ಮನೆಮಾತು ಹೆಚ್ಚಾಗಿ ಕೊಂಕಣಿ, ಕನ್ನಡದಲ್ಲೇ ಹೇಳಿ ಅಂತ ಒತ್ತಾಯ ಬೇಡ; ಊರಿನ ಒಬ್ಬರನ್ನು ಸಂಬಳ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳಿ, ಸುಮ್ನೆ ಊಟ ಹಾಕಿಸಿದರೆ ಸಾಲದು.

ಚಿತ್ರೀಕರಣದಲ್ಲಿ ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿ ಬಿಡಬೇಡಿ. ಹಿಂದೆ ಬೆಳಕು ಜಾಸ್ತಿಯಿದ್ದರೆ ಕಪ್ಪು ಮುಖ ಬರೀ ನೆರಳಾಗುತ್ತದೆ. ಜಗಲಿಯ ಮೆತ್ತನೆ ಬೆಳಕಲ್ಲಿ ಕೂರಿಸಿ, ಮುಖ ನೋಡಿ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಇಡಿ. ಮಳೆಗಾಲದಲ್ಲಿ ಹಂಚಿನ ಸದ್ದು ಮಾತನ್ನೇ ನುಂಗುತ್ತದೆ, ಕಾಲರ್ ಮೈಕ್ ಬೇಕೇ ಬೇಕು. ಎಡಿಟ್ ಮುಗಿಸುವ ಮೊದಲು ಊರಲ್ಲೇ ಒಂದು ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ ಚಿತ್ರ ತೋರಿಸಿ. ಯಾರಾದರೂ ‘ಇದು ಬೇಡ’ ಅಂದರೆ, ಎಷ್ಟೇ ಚೆಂದದ ಶಾಟ್ ಆಗಿರಲಿ, ತೆಗೆದುಬಿಡಿ.