ಬ್ಯಾಂಕ್ ಮುಗ್ಗರಿಸಿದಾಗ ಮೇಲಿನವರ ಮಾತನ್ನು ಅಳೆಯುವ ಕ್ರಮ

ಬ್ಯಾಂಕಿಗೆ ನಿರ್ಬಂಧ ಬಿದ್ದ ಸುದ್ದಿ ಬಂದೊಡನೆ ಮೊದಲು ಓದಬೇಕಾದುದು ಸಚಿವರ ಹೇಳಿಕೆಯನ್ನಲ್ಲ, ರಿಸರ್ವ್ ಬ್ಯಾಂಕಿನ ಆದೇಶದಲ್ಲಿ ಹಣ ತೆಗೆಯಲು ಹಾಕಿರುವ ಮಿತಿಯನ್ನು. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿಗೆ 50,000 ರೂಪಾಯಿಯ ಮಿತಿ ಬಿತ್ತು. ಠೇವಣಿದಾರರ ಹಣ ಸುರಕ್ಷಿತವೆಂದು ಮರುದಿನವೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಭರವಸೆಯಿತ್ತರು. ಸ್ಟೇಟ್ ಬ್ಯಾಂಕಿನ ಜೊತೆಗೆ ಕೆಲವು ಖಾಸಗಿ ಬ್ಯಾಂಕುಗಳೂ ಬಂಡವಾಳ ಹೂಡಿ, ಮಾರ್ಚ್ 18ಕ್ಕೆ ನಿರ್ಬಂಧ ತೆರವಾಯಿತು. ಭರವಸೆ ಹುಸಿಯಾಗಲಿಲ್ಲ, ಆದರೆ ಅದು ಠೇವಣಿದಾರರಿಗಷ್ಟೇ ಸಲ್ಲುತ್ತಿತ್ತು. ಅದೇ ಬ್ಯಾಂಕಿನ 8,415 ಕೋಟಿ ರೂಪಾಯಿಯ ಎಟಿ-1 ಬಾಂಡುಗಳನ್ನು, ಅಂದರೆ ಬ್ಯಾಂಕ್ ಕುಸಿಯುವ ಸ್ಥಿತಿಗೆ ಬಂದರೆ ನಷ್ಟ ಹೊರಬೇಕಾದ ಸಾಲಪತ್ರಗಳನ್ನು, ಸೊನ್ನೆಗಿಳಿಸಲಾಯಿತು. ಬಾಂಡು ಹೊಂದಿದ್ದವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಆದುದರಿಂದ ನಿಮ್ಮ ಕೈಯಲ್ಲಿರುವ ಕಾಗದ ಠೇವಣಿಯದೋ, ಬಾಂಡಿನದೋ, ಶೇರಿನದೋ ಎಂಬುದನ್ನು ಇಂದೇ ತೆಗೆದು ನೋಡಿ.

ಎರಡನೆಯದಾಗಿ, ಮುಗ್ಗರಿಸಿದ ಸಂಸ್ಥೆ ಎಷ್ಟು ದೊಡ್ಡದೆಂದು ಗಮನಿಸಿ. ಯೆಸ್ ಬ್ಯಾಂಕಿಗೆ ಎರಡು ವಾರದೊಳಗೆ ದಾರಿ ಸಿಕ್ಕಿತು. 2019ರ ಸೆಪ್ಟೆಂಬರಿನಲ್ಲಿ ಕೇವಲ 1,000 ರೂಪಾಯಿಯ ಮಿತಿಗೆ ಒಳಗಾದ ಪಿಎಂಸಿ (ಪಂಜಾಬ್ ಮತ್ತು ಮಹಾರಾಷ್ಟ್ರ) ಸಹಕಾರಿ ಬ್ಯಾಂಕಿನ ವಿಲೀನಕ್ಕೆ 2022ರ ಜನವರಿಯವರೆಗೆ ಕಾಯಬೇಕಾಯಿತು. ಮೇಲಿನವರ ತುರ್ತು ಎಲ್ಲಿದೆಯೆಂದು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು.

ಕಾಸರಗೋಡಿನ ನಮಗೆ ಇನ್ನೊಂದು ತೊಡಕಿದೆ. ಅಡಿಕೆ ಮಾರಿದ ಹಣವನ್ನು ನಾವು ಬಹುಮಟ್ಟಿಗೆ ಊರಿನ ಸರ್ವೀಸ್ ಸಹಕಾರಿ ಬ್ಯಾಂಕಿನಲ್ಲಿ ಇಡುತ್ತೇವೆ. ಫಲಕದಲ್ಲಿ ಬ್ಯಾಂಕ್ ಎಂದಿದ್ದರೂ ಕಾನೂನಿನ ಕಣ್ಣಿಗೆ ಅದು ಪ್ರಾಥಮಿಕ ಕೃಷಿ ಪತ್ತಿನ ಸಂಘವಾಗಿದ್ದರೆ, ಬಡ್ಡಿಯೂ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಸಿಗುವ ಕೇಂದ್ರದ ಠೇವಣಿ ವಿಮೆ ಅದಕ್ಕೆ ಅನ್ವಯಿಸುವುದಿಲ್ಲ. ರಾಜ್ಯ ಸಹಕಾರಿ ಬ್ಯಾಂಕಾದ ಕೇರಳ ಬ್ಯಾಂಕಿಗೆ ಈ ವಿಮೆಯುಂಟು. ಸಂಘಗಳಿಗೆ ರಾಜ್ಯದ ಪ್ರತ್ಯೇಕ ಠೇವಣಿ ಖಾತರಿ ನಿಧಿಯಿದೆ. ನಿಮ್ಮ ಸಂಘ ಅದರ ಸದಸ್ಯತ್ವ ಪಡೆದಿದೆಯೇ, ಈಗಿನ ಮಿತಿಯೆಷ್ಟು, ವಸೂಲಾಗದ ಸಾಲವೆಷ್ಟು ಎಂದು ಕಾರ್ಯದರ್ಶಿಯವರಲ್ಲಿ ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಮಹಾಸಭೆಯಲ್ಲಿ ಎದ್ದುನಿಂತು ಕೇಳಿ. ಆಡಳಿತ ಮಂಡಳಿಯಲ್ಲಿ ಪರಿಚಿತ ಪಕ್ಷದವರಿದ್ದಾರೆಂಬ ಸಂಕೋಚ ಬೇಡ. ತೃಶ್ಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನ ಹಗರಣ 2021ರಲ್ಲಿ ಹೊರಬಿದ್ದ ಬಳಿಕ ಒಂದು ಪಕ್ಷ ಲೂಟಿಯೆಂದಿತು, ಇನ್ನೊಂದು ಸಹಕಾರಿ ರಂಗವನ್ನು ಕೆಡಿಸುವ ಸಂಚೆಂದಿತು. ಠೇವಣಿ ಇಟ್ಟವರು ಮಾತ್ರ ತಮ್ಮ ಹಣಕ್ಕಾಗಿ ಅಲೆದರು.

ವಿಮೆಯಿರುವ ಬ್ಯಾಂಕಿಗೆ ನಿರ್ಬಂಧ ಬಿದ್ದರೆ, 2021ರ ತಿದ್ದುಪಡಿಯ ಪ್ರಕಾರ ಸಾಮಾನ್ಯವಾಗಿ 90 ದಿನಗಳೊಳಗೆ ವಿಮೆಯ ಹಣ ಸಿಗಬೇಕು. ಅದಕ್ಕಾಗಿ ಬ್ಯಾಂಕ್ ಕೇಳುವ ಒಪ್ಪಿಗೆ ಪತ್ರವನ್ನು ಕೊನೆಯ ದಿನಾಂಕಕ್ಕೆ ಮುನ್ನ ಕೊಡಿ. ಕೆವೈಸಿ ಸರಿಯಿರಲಿ, ಹಣ ಜಮೆಯಾಗಲು ಬೇರೊಂದು ಬ್ಯಾಂಕಿನಲ್ಲಿ ಬಳಕೆಯಲ್ಲಿರುವ ಖಾತೆಯೂ ಇರಲಿ.