ಗೇಟಿನ ಪುಸ್ತಕದಲ್ಲಿ ಸಿಕ್ಕ 33 ಡ್ಯೂಟಿ

ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಆಫೀಸ್ ಕಟ್ಟಡದ ಹೌಸ್‌ಕೀಪಿಂಗ್ ಕಾಂಟ್ರಾಕ್ಟ್ ನಮ್ಮದಾಗಿತ್ತು. 22 ಜನ, ಒಬ್ಬರಿಗೆ ತಿಂಗಳಿಗೆ 20,800 ರೂಪಾಯಿ ರೇಟು, ಜಿಎಸ್‌ಟಿ ಬೇರೆ. ಎರಡು ವರ್ಷ ಬಿಲ್ ಸಲೀಸಾಗಿ ಪಾಸಾಯಿತು. ಆಮೇಲೆ ಅವರ ಅಕೌಂಟ್ಸ್‌ಗೆ ಹೊಸಬರು ಬಂದರು. ಒಂದು ತಿಂಗಳ ಬಿಲ್‌ನಲ್ಲಿ 48,000 ರೂಪಾಯಿ ಕಟ್ ಅಂತ ಮೇಲ್ ಬಂತು. ಲೆಕ್ಕ ಮುಗಿಯುವವರೆಗೆ ಪೂರ್ತಿ ಬಿಲ್ ಹೋಲ್ಡ್.

ಹೋಲ್ಡ್ ಅಂದರೆ ನಮಗೆ ಉಸಿರು ಕಟ್ಟಿದ ಹಾಗೆ. 7ರೊಳಗೆ ಸಂಬಳ ಕೊಡಲೇಬೇಕು. 15ರೊಳಗೆ ಪಿಎಫ್, ಇಎಸ್‌ಐ. ಬಿಲ್ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 81,936 ರೂಪಾಯಿ, ದುಡ್ಡು ಬರಲಿ ಬಿಡಲಿ 20ರೊಳಗೆ ಕಟ್ಟಬೇಕು. ನಮ್ಮ ಖರ್ಚೆಲ್ಲ ಸಂಬಳವೇ ತಾನೇ? ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ಕಳೆದುಕೊಂಡು ಕಟ್ಟುವ ಅವಕಾಶ, ಸಿಗೋದು ಫಿನಾಯಿಲ್, ಮಾಪ್ ಕೊಂಡ ಬಿಲ್‌ಗಳಿಗಷ್ಟೇ. ಆ ತಿಂಗಳು ಮನೆಯ ಚಿನ್ನ ಅಡ ಇಟ್ಟೆ.

ಜಗಳಕ್ಕೆ ಹೋಗಲಿಲ್ಲ. ‘ನೀವೇ ಒಪ್ಪಿರುವ 4,07,200 ರೂಪಾಯಿ ಮತ್ತು ಅದರ ಜಿಎಸ್‌ಟಿ ಈಗ ಕೊಡಿ, ಉಳಿದದ್ದಕ್ಕೆ ಕೂತು ಲೆಕ್ಕ ನೋಡೋಣ’ ಅಂತ ಬರೆದೆ. ನಮ್ಮದು ಉದ್ಯಮ್ ನೋಂದಣಿ ಇರುವ ಸಣ್ಣ ಸಂಸ್ಥೆ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಕರಾರಿನಲ್ಲಿ 60 ದಿನ ಅಂತಿದ್ದರೂ ಹಣ ಕೊಡೋದು 45 ದಿನ ದಾಟುವಂತಿಲ್ಲ. ತಕರಾರಿದ್ದರೆ ಸೇವೆ ಕೊಟ್ಟ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು. ಅವರ ಮೇಲ್ ಬಂದದ್ದು 24ನೇ ದಿನ. ಇದನ್ನೂ ಎರಡು ಸಾಲಿನಲ್ಲಿ ಸೇರಿಸಿದೆ. ಆರು ದಿನದಲ್ಲಿ ಒಪ್ಪಿದ ಹಣ ಬಂತು.

ಉಳಿದ 48,000 ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬೇರೆ ಬೇರೆ ತಕರಾರುಗಳಿದ್ದವು. ಆ ತಿಂಗಳಲ್ಲಿ 31 ದಿನ, ನಾಲ್ಕೇ ಭಾನುವಾರ, ಹಾಗಾಗಿ ತಲೆಗೆ 27 ಡ್ಯೂಟಿ. ಗೈರಾದರೆ ಅವರು ತಿಂಗಳ ರೇಟನ್ನು 26ರಿಂದ ಭಾಗಿಸಿ ಡ್ಯೂಟಿಗೆ 800 ರೂಪಾಯಿ ಕಳೆಯುತ್ತಿದ್ದರು. ಆದರೆ 27ನೇ ಡ್ಯೂಟಿಗೆ ದುಡ್ಡಿಲ್ಲ! 22 ಜನಕ್ಕೆ 17,600 ರೂಪಾಯಿ. ಕಳೆಯುವಾಗ 26, ಕೊಡುವಾಗ ತಿಂಗಳು, ಇದು ನ್ಯಾಯ ಅಲ್ಲ ಅಲ್ವಾ? ಕರಾರಿನ ಕೊನೆಯ ಹಾಳೆಯಲ್ಲಿ ರೇಟಿನ ವಿವರ ಇತ್ತು, ‘26 ಡ್ಯೂಟಿಗೆ’ ಅಂತ ಸ್ಪಷ್ಟವಾಗಿತ್ತು. ಅದನ್ನು ತೋರಿಸಿದೆ. ಅವರ ಮ್ಯಾನೇಜರ್ ಓದಿ, ಮರುಮಾತಿಲ್ಲದೆ ಒಪ್ಪಿದರು.

ಕಷ್ಟವಾದದ್ದು ಉಳಿದ 30,400 ರೂಪಾಯಿ. ನಮ್ಮ ಮಸ್ಟರ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, 25 ಗೈರು, ಅವರ ಗೇಟ್ ಕಾರ್ಡ್ ಲೆಕ್ಕದಲ್ಲಿ 63. ನಡುವೆ 38 ಡ್ಯೂಟಿ ಎಲ್ಲಿ ಹೋದವು? ನಮ್ಮ ಸೂಪರ್‌ವೈಸರ್ ಅಕ್ಕನ ಬಾಯಿಂದ ಉತ್ತರ ಬಂತು. ‘ಸರ್, ಗೈರಾದವರ ಬದಲಿಗೆ ಬರೋ ರಿಲೀವರ್‌ಗಳಿಗೆ ಕಾರ್ಡೇ ಕೊಟ್ಟಿಲ್ಲ. ವಿಸಿಟರ್ ಬುಕ್‌ನಲ್ಲಿ ಬರೆದು ಒಳಗೆ ಬರ್ತಾರೆ.’

ಸೆಕ್ಯುರಿಟಿಯವರನ್ನು ಕೇಳಿ ಆ ದಪ್ಪ ಪುಸ್ತಕ ಪಡೆದು, ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಎರಡು ಮಧ್ಯಾಹ್ನ ಕೂತೆವು. ಅಕ್ಕ ಮಸ್ಟರ್ ಓದುತ್ತಿದ್ದರು, ನಾನು ಪುಸ್ತಕದಲ್ಲಿ ಹುಡುಕುತ್ತಿದ್ದೆ. ಬೆಳಗ್ಗೆ 6.40, ಹೆಸರು, ಹೆಬ್ಬೆಟ್ಟು. 6.45, ಇನ್ನೊಂದು ಹೆಸರು. ಒಂದೊಂದು ಸಿಕ್ಕಿದಾಗಲೂ ಅಕ್ಕ ಪೆನ್ಸಿಲ್‌ನಲ್ಲಿ ಗೆರೆ ಹಾಕುತ್ತಿದ್ದರು. 33 ಸಿಕ್ಕವು. ಐದು ಕಡೆ ಗೇಟಿನವರು ಹೆಸರೇ ಬರೆಯದೆ ಸುಮ್ನೆ ‘ಕ್ಲೀನಿಂಗ್’ ಅಂತ ಬರೆದಿದ್ದರು. ಅವರು ಬಂದದ್ದು ಅಕ್ಕನಿಗೆ ಗೊತ್ತು, ನನಗೂ ಗೊತ್ತು. ತೋರಿಸೋಕೆ ಆಧಾರ ಇಲ್ಲ.

ಆ ಐದನ್ನು ನಾನೇ ಬಿಟ್ಟೆ. 4,000 ರೂಪಾಯಿ ಮತ್ತು ಅದರ ಜಿಎಸ್‌ಟಿ 720ಕ್ಕೆ ಕ್ರೆಡಿಟ್ ನೋಟ್, ಅಂದರೆ ಬಿಲ್‌ನಿಂದ ಇಷ್ಟು ಕಡಿಮೆ ಮಾಡಿದ್ದೇನೆ ಅನ್ನುವ ಪತ್ರ, ಕೊಟ್ಟೆ. ಬಾಯಿಮಾತಿನ ಕಡಿತ ಒಪ್ಪಬೇಡಿ. ಕ್ರೆಡಿಟ್ ನೋಟ್ ಇಲ್ಲದಿದ್ದರೆ ಬಾರದ ಹಣಕ್ಕೂ ನೀವೇ ತೆರಿಗೆ ಕಟ್ಟಿದ ಹಾಗಾಗುತ್ತದೆ. ಉಳಿದ 33ಕ್ಕೆ ಪುಸ್ತಕದ ಹಾಳೆಗಳ ಫೋಟೋ ಲಗತ್ತಿಸಿದೆ, 26,400 ಬಂತು. ಐದು ಡ್ಯೂಟಿಯ ಕೂಲಿಯನ್ನು ರಿಲೀವರ್‌ಗಳಿಗೆ ನಾವು ಆಗಲೇ ಕೊಟ್ಟಿದ್ದೆವು, ವಾಪಸ್ ಕೇಳುವ ಪ್ರಶ್ನೆಯೇ ಇರಲಿಲ್ಲ. ಟಾಯ್ಲೆಟ್ ತೊಳೆದದ್ದು ಅವರೇ.

ಈಗ ಪ್ರತಿ ಸೈಟಿನಲ್ಲೂ ಬೆಳಗ್ಗೆ 10ಕ್ಕೆ ಮಸ್ಟರ್ ಹಾಳೆಗೆ ಕ್ಲೈಂಟ್ ಕಡೆಯವರ ಸಹಿ ಹಾಕಿಸಿ, ಫೋಟೋ ತೆಗೆದು ಅವರಿಗೇ ಮೇಲ್ ಮಾಡುತ್ತೇವೆ. ರಿಲೀವರ್ ಬಂದರೆ ಗೇಟಿನಲ್ಲಿ ಪೂರ್ತಿ ಹೆಸರು ಬರೆಸಿದ ಮೇಲೇ ಒಳಗೆ ಕರೆದುಕೊಂಡು ಹೋಗುವುದು. ಅಕ್ಕ ಅದನ್ನು ತಾವೇ ನಿಂತು ನೋಡುತ್ತಾರೆ.