ಸ್ಲೊವೇನಿಯಾದ ಬೆಟ್ಟಗಳಲ್ಲಿ ಒಬ್ಬನೇ ಸೈಕಲ್ ತುಳಿದದ್ದು

ಯುರೋಪಿನ ಬೆಟ್ಟ ಅಂದರೆ ಎಲ್ಲರೂ ಸ್ವಿಟ್ಜರ್ಲೆಂಡ್ ಅನ್ನುತ್ತಾರೆ. ನಾನು ಸ್ಲೊವೇನಿಯಾಕ್ಕೆ ಹೋದೆ. ಖರ್ಚು ಕಮ್ಮಿ, ಜೊತೆಗೆ ದೇಶ ಎಷ್ಟು ಚಿಕ್ಕದೆಂದರೆ ಕಾಲು ಸೋತರೆ ರೈಲು ಹತ್ತಿ ಬಂದುಬಿಡಬಹುದು. ಒಬ್ಬನೇ ಹೋಗುವಾಗ ಈ ಧೈರ್ಯ ಬೇಕೇ ಬೇಕು.

ಲುಬ್ಲಿಯಾನಾದಲ್ಲಿ ಬಾಡಿಗೆಗೆ ಸೈಕಲ್ ತೆಗೆದುಕೊಂಡೆ. ಅಂಗಡಿಯಲ್ಲಿ ನಾನು ಹಟ ಹಿಡಿದದ್ದು ಎರಡಕ್ಕೇ: ಡಿಸ್ಕ್ ಬ್ರೇಕ್ ಇರಬೇಕು, ಮತ್ತು ಚೈನು ಕೂರುವ ಹಲ್ಲಿನ ಚಕ್ರಗಳಲ್ಲಿ ಮುಂದಿನ ಸಣ್ಣದಕ್ಕಿಂತ ಹಿಂದಿನ ದೊಡ್ಡದರಲ್ಲಿ ಹಲ್ಲು ಜಾಸ್ತಿ ಇರಬೇಕು. ಮುಂದೆ 26, ಹಿಂದೆ 34 ಸಿಕ್ಕಿತು. ಲಗೇಜು ಹೊತ್ತು ಏರುವವನಿಗೆ ಇದಕ್ಕಿಂತ ಭಾರದ ಗೇರು ಸುಮ್ನೆ ಮಂಡಿಗೆ ಶಿಕ್ಷೆ.

ಬ್ಲೆಡ್ ಸರೋವರ ದಾಟಿ ಮೊಯ್ಸ್ತ್ರಾನಾ ಸೇರಿದರೆ ಅಲ್ಲಿಂದ ಕ್ರಾನ್ಸ್ಕಾ ಗೋರಾವರೆಗೆ ಹಳೇ ರೈಲು ಹಳಿ ಕಿತ್ತು ಮಾಡಿದ ಸೈಕಲ್ ದಾರಿ ಇದೆ. ಕಾರುಗಳ ಕಾಟ ಇಲ್ಲ, ಏರು ಗೊತ್ತೇ ಆಗುವುದಿಲ್ಲ.

ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ ಮುಂದೆ, ವರ್ಶಿಚ್ ಘಾಟಿಯಲ್ಲಿ. ಎತ್ತರ 1611 ಮೀಟರ್. ಎರಡೂ ಕಡೆ ಸೇರಿ 50 ತಿರುವು, ಪ್ರತಿಯೊಂದರಲ್ಲೂ ನಂಬರ್ ಮತ್ತು ಎತ್ತರ ಬರೆದ ಬೋರ್ಡು. ಕ್ರಾನ್ಸ್ಕಾ ಗೋರಾದಿಂದ ಸುಮಾರು 11 ಕಿಲೋಮೀಟರಿನಲ್ಲಿ 800 ಮೀಟರ್ ಏರಬೇಕು. ನಂದಿಬೆಟ್ಟ ಹತ್ತಿದವರಿಗೆ ಹೇಳುವುದಾದರೆ, ಒಂದು ನಂದಿ ಮುಗಿದ ಮೇಲೆ ಅದರ ತಲೆಯ ಮೇಲೆ ಇನ್ನೊಂದು ನಂದಿ ಇಟ್ಟ ಹಾಗೆ. ಈ ಕಡೆಯ ತಿರುವುಗಳಿಗೆ ಡಾಂಬರಿಲ್ಲ, ಕಲ್ಲು ಹಾಸಿದ್ದಾರೆ. ಒದ್ದೆಯಾದರೆ ಜಾರುತ್ತದೆ, ಅದರಲ್ಲೂ ಒಳಅಂಚಿನಲ್ಲಿ ಏರು ಕಡಿದಾಗಿರುವುದರಿಂದ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಹಿಡಿತವಿಲ್ಲದೆ ಸುಮ್ಮನೆ ಸುತ್ತುತ್ತದೆ. ಸೀಟಿನ ಮೇಲೇ ಕೂತು, ಹಿಂದೆ ಗಾಡಿ ಇಲ್ಲ ಅಂತ ನೋಡಿಕೊಂಡು ಹೊರಅಂಚಿಗೆ ಸರಿದು ತಿರುಗಿಸುತ್ತಿದ್ದೆ. ಶನಿವಾರ, ಭಾನುವಾರ ಈ ದಾರಿ ಬೇಡ, ಬೈಕಿನವರ ದಂಡೇ ಇರುತ್ತದೆ. ಬೆಳಗ್ಗೆ ಬೇಗ ಹೊರಟರೆ ಒಳ್ಳೆಯದು.

ಎಂಟನೇ ತಿರುವಿನ ಹತ್ತಿರ ಒಂದು ಪುಟ್ಟ ಮರದ ಪ್ರಾರ್ಥನಾ ಮಂದಿರ ಇದೆ. ಮೊದಲ ಮಹಾಯುದ್ಧದಲ್ಲಿ ಸೋಚಾ ಕಣಿವೆಯ ರಣರಂಗಕ್ಕೆ ಸಾಮಾನು ಸಾಗಿಸಲು ಆಸ್ಟ್ರಿಯಾ-ಹಂಗೇರಿ ಸೇನೆ ಈ ರಸ್ತೆಯನ್ನು ರಷ್ಯಾದ ಯುದ್ಧಕೈದಿಗಳಿಂದ ಮಾಡಿಸಿತು. 1916ರ ಮಾರ್ಚಿನಲ್ಲಿ ಹಿಮ ಕುಸಿದು ಅವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದ ಕೈದಿಗಳೇ ಅವರ ನೆನಪಿಗೆ ಕಟ್ಟಿದ ಮಂದಿರ ಇದು. ಗೇರು, ಏದುಸಿರು ಅಂತ ಗೊಣಗುತ್ತಾ ಬಂದವನಿಗೆ ಆಮೇಲೆ ಸ್ವಲ್ಪ ಹೊತ್ತು ಗೊಣಗಲು ಬಾಯಿ ಬರಲಿಲ್ಲ.

ಇಳಿಯುವುದು ಏರುವುದಕ್ಕಿಂತ ಕಷ್ಟ, ನಂಬಿ. ಘಾಟಿಯ ಮೇಲೆ ಜಾಕೆಟ್ ಹಾಕಿಕೊಳ್ಳಿ, ಬೆವರು ಗಾಳಿಗೆ ತಣ್ಣಗಾಗಿ ಕೈಬೆರಳು ಮರಗಟ್ಟಿದರೆ ಬ್ರೇಕ್ ಒತ್ತುವುದು ಹೇಗೆ? ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಯಬಾರದು. ತಿರುವಿನ ಮುಂಚೆ ಗಟ್ಟಿಯಾಗಿ ಒತ್ತಿ, ಆಮೇಲೆ ಬಿಟ್ಟುಬಿಡಬೇಕು, ಡಿಸ್ಕ್ ಆರುವುದಕ್ಕೆ ಸಮಯ ಸಿಗುತ್ತದೆ. ಕೆಳಗೆ ತ್ರೆಂತಾ ಕಣಿವೆ, ಪಕ್ಕದಲ್ಲೇ ಸೋಚಾ ನದಿ. ಆ ನೀರಿನ ಹಸಿರು ಬಣ್ಣವನ್ನು ಫೋಟೋದಲ್ಲಿ ನೋಡಿ ಯಾರೋ ಎಡಿಟ್ ಮಾಡಿದ್ದಾರೆ ಅಂದುಕೊಂಡಿದ್ದೆ, ಇಲ್ಲ, ಹಾಗೇ ಇದೆ.

ಈ ಘಾಟಿ ಇರುವ ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದೊಳಗೆ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಕ್ಯಾಂಪ್‌ಸೈಟಿನಲ್ಲೇ ಮಲಗಬೇಕು. ಭಾನುವಾರ ದಿನಸಿ ಅಂಗಡಿಗಳು ಹೆಚ್ಚುಕಮ್ಮಿ ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು, ಬಾಳೆಹಣ್ಣು ತುಂಬಿಕೊಳ್ಳಿ. ಮಾಂಸ ತಿನ್ನದವರಿಗೆ ಬೇಕರಿಯ ಚೀಸ್ ಬುರೆಕ್ (ಪದರ ಪದರದ ಪಫ್‌ನಂಥ ತಿಂಡಿ) ಸಾಕು, ಎಣ್ಣೆ ಜಿನುಗುತ್ತದೆ, ಆದರೆ ಒಂದು ತಿಂದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ.

ಬೋವೆಟ್ಸ್, ಕೊಬರಿದ್, ತೊಲ್ಮಿನ್ ದಾಟಿ ಮೋಸ್ತ್ ನಾ ಸೋಚಿ ತಲುಪಿದ ಮೇಲೆ ಸೈಕಲನ್ನು ರೈಲಿಗೆ ಹತ್ತಿಸಿದೆ. 1906ರಲ್ಲಿ ಶುರುವಾದ ಬೋಹಿನ್ ರೈಲುಮಾರ್ಗ ಅದು. ಆರು ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ಬೆಟ್ಟದ ಆಚೆಗೆ ದಾಟಿಸಿ ಬೋಹಿನ್ಸ್ಕಾ ಬಿಸ್ತ್ರಿತ್ಸಾದಲ್ಲಿ ಇಳಿಸುತ್ತದೆ. ಆ ಬೆಟ್ಟವನ್ನೂ ತುಳಿದೇ ದಾಟಬಹುದಿತ್ತಲ್ವಾ ಅಂತ ಗೆಳೆಯರು ಕೇಳುತ್ತಾರೆ. ದಾಟಬಹುದಿತ್ತು. ನನಗೆ ರೈಲೇ ಇಷ್ಟವಾಯಿತು.